ಮೈಸೂರಿನ ಗಾಡಿ, ಶಹಾಬಾದಿನ ಅಂಗಳ

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ರಿ. ಮೊದಲು ಒಂದು ಸದ್ದು ಕೇಳಿಸ್ತೀನಿ.

(ಬೈಕ್ ಸ್ಟಾರ್ಟ್ ಆಗುವ ಸದ್ದು)

ಕೇಳಿದ್ರಲ್ಲ? ಇದು 1982ರ ಯೆಜ್ಡಿ ರೋಡ್‌ಕಿಂಗ್. ನಮ್ಮ ಕಾಕಾನ ಗಾಡಿ. ಶಹಾಬಾದಿನ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ಹದಿನಾಲ್ಕು ವರ್ಷ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಇದನ್ನ ರಿಪೇರಿ ಮಾಡೋಕೆ ಕೂತಾಗ ಎದ್ದ ಒಂದು ಪ್ರಶ್ನೆಯೇ ಇವತ್ತಿನ ಎಪಿಸೋಡ್: ಹಳೇ ಗಾಡೀನ 'ಮೊದಲಿನಂಗೆ' ಮಾಡೋದು ಅಂದ್ರೆ, ಯಾವ 'ಮೊದಲು'?

ಸ್ವಲ್ಪ ಹಿಂದಕ್ಕೆ ಹೋಗೋಣ. 1929ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ತಯಾರಿಸುವ ಹಕ್ಕು ಕೊಂಡರು. ಎರಡೂ ಹೆಸರಿನ ಮೊದಲಕ್ಷರ ಸೇರಿ 'ಜಾವಾ' ಆಯಿತು. ಅದನ್ನ ನಮ್ಮ ದೇಶದಲ್ಲಿ ತಯಾರಿಸೋಕೆ ರುಸ್ತುಂ ಮತ್ತು ಫರೂಕ್ ಇರಾನಿ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಶುರು ಮಾಡಿದರು. 1961ರಿಂದ ಯಾದವಗಿರಿಯ ಕಾರ್ಖಾನೆಯಿಂದ ಬೈಕ್ ಹೊರಬರತೊಡಗಿದವು.

ಆಗ ನಮ್ಮ ಭಾಗದ ಪರಿಸ್ಥಿತಿ ನೆನಪಿಸ್ಕೊಳ್ರಿ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಂದ್ರೆ ನಾವೂ ಮೈಸೂರೂ ಒಂದೇ ರಾಜ್ಯವಾಗಿ ಬರೀ ಐದು ವರ್ಷ. ಮುಂದೆ 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು. ಅದೇ ವರ್ಷ ಜಾವಾ ಹೋಗಿ ಯೆಜ್ಡಿ ಬಂತು. ನಮ್ಮ ಕಡೆಯವರಿಗೆ ಮೈಸೂರು ದಸರಾ ದೂರದ್ದು. ಮೈಸೂರಿನ ಗಾಡಿ ಮಾತ್ರ ಅಂಗಳಕ್ಕೇ ಬಂದಿತ್ತು.

ಕಾಕಾ ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಶಿಫ್ಟ್‌ಗೆ ಹೋಗ್ತಿದ್ದದ್ದು ಇದರ ಮೇಲೆ. ಚಿತ್ತಾಪುರ ದಾಟಿ ಸೇಡಂಗೆ ಅತ್ತೆ ಮನೆಗೆ ಹೋಗಿದ್ದು, ಚಿಂಚೋಳಿ ಕಡೆಯ ಹೊಲದಿಂದ ತೊಗರಿ ಚೀಲ ತಂದಿದ್ದು, ಎಲ್ಲಾ ಇದರ ಮೇಲೇ. ಚೀಲ ಕಟ್ಟೋಕೆ ಅಂತ ಸೀಟಿನ ಹಿಂದೆ ಕಬ್ಬಿಣದ ಕ್ಯಾರಿಯರ್ ಮಾಡಿಸಿ ಬೋಲ್ಟ್ ಹಾಕಿಸಿದ್ದರು.

ಈ ಗಾಡಿ ಅಷ್ಟು ದಿನ ಬಾಳಿದ್ದಕ್ಕೆ ಕಾರಣ ಅದರ ಸರಳತನ. ಟೂ-ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕಿದ್ರೆ ಆಯ್ತು. ಆದ್ರೆ ಆ ಆಯಿಲ್ಲೇ ಹೊಗೆಯಾಗ್ತಿತ್ತು. ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ: 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಂಥ ಫೋರ್-ಸ್ಟ್ರೋಕ್ ಗಾಡಿಗಳು ಪೆಟ್ರೋಲ್ ಖರ್ಚಿನಲ್ಲೇ ಗ್ರಾಹಕರನ್ನ ಗೆದ್ದವು. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮ ಬಿಗಿಯಾದವು. 1996ಕ್ಕೆ ಮೈಸೂರಿನ ಕಾರ್ಖಾನೆ ನಿಂತೇ ಹೋಯ್ತು. ಅಲ್ಲಿಂದ ಮುಂದೆ ಯೆಜ್ಡಿ ಉಳಿದದ್ದು ಮಿಸ್ತ್ರಿಗಳ ಕೈಯಲ್ಲಿ, ಮನೆಯ ಶೆಡ್‌ಗಳಲ್ಲಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಶೋರೂಮಿಗೆ ಬಂದವು ಖರೆ, ಆದ್ರೆ ಅವು ಫೋರ್-ಸ್ಟ್ರೋಕ್.

ಸರಿ, ಶೆಡ್‌ಗೆ ವಾಪಸ್ ಬರೋಣ. ಪಿಸ್ಟನ್ ಜಾಮ್ ಆಗಿತ್ತು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಆಯಿಲ್ ಬಿಟ್ಟು ಒಂದು ವಾರ ಕಾದೆ. ಬಲವಂತ ಮಾಡಿ ಒದ್ದಿದ್ರೆ ಒಳಗೆ ಮುರೀತಿತ್ತು. ಆಮೇಲೆ ಬೋರಿಂಗ್, ಹೊಸ ಆಯಿಲ್ ಸೀಲ್, ಕಾರ್ಬೊರೇಟರ್ ಸ್ವಚ್ಛ, ಟ್ಯಾಂಕಿನ ತುಕ್ಕು. ಪ್ರತಿ ನಟ್ಟು ಬಿಚ್ಚುವ ಮುಂಚೆ ಮೊಬೈಲಲ್ಲಿ ಫೋಟೊ. ಆ ಫೋಟೊ ಇಲ್ಲದಿದ್ರೆ ಇವತ್ತಿಗೂ ವೈರಿಂಗ್ ಮುಂದೆ ಕೂತಿರ್ತಿದ್ದೆ.

ನನಗೆ ಚಾಸಿಸ್‌ನ ಹಿಂಭಾಗ ಕತ್ತರಿಸಿ ಕೆಫೆ ರೇಸರ್ ಮಾಡೋ ಆಸೆ ಇತ್ತು. ಮೊದಲು ಅಡ್ಡ ಬಂದದ್ದು ಕಾನೂನು. ನೋಂದಣಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2021ರ ವಿಂಟೇಜ್ ನಿಯಮವೂ ಅಷ್ಟೇ: 50 ವರ್ಷ ದಾಟಿದ ಗಾಡಿ, ಅದೂ ಮೂಲ ರೂಪದಲ್ಲಿದ್ರೆ ಮಾತ್ರ. ಇವತ್ತು ಕತ್ತರಿಸಿದ್ರೆ, ನಮ್ಮ ಗಾಡಿಗೆ 50 ತುಂಬಿದಾಗ ಆ ಬಾಗಿಲೂ ಬಂದ್.

ಹಂಗಾದ್ರೆ ಪೂರ್ತಿ ಕಂಪನಿ ಕಂಡೀಷನ್ ಮಾಡೋಣ ಅಂತ ಕ್ಯಾರಿಯರ್ ಬಿಚ್ಚೋಕೆ ಸ್ಪ್ಯಾನರ್ ಹಿಡಿದೆ. ಎಪ್ಪತ್ತು ದಾಟಿದ ಕಾಕಾ ಪರಸಿ ಕಲ್ಲಿನ ಕಟ್ಟೆ ಮೇಲೆ ಕೂತು ನೋಡ್ತಿದ್ದರು. "ತಮ್ಮಾ, ಅದೊಂದು ಬಿಚ್ಚಬ್ಯಾಡ. ನಿಮ್ಮ ಕಾಕಿ ದವಾಖಾನಿಗೆ ಹೋಗಾಗ ಅದನ್ನೇ ಹಿಡ್ಕೊಂಡು ಕುಂತಿದ್ಳು," ಅಂದರು. ಅದು ಆಕೆಯ ಕೊನೇ ಸವಾರಿ ಅಂತ ನನಗೆ ಗೊತ್ತಿತ್ತು. ಕ್ಯಾರಿಯರ್ ಬಗ್ಗೆ ಮಾತ್ರ ಗೊತ್ತಿರಲಿಲ್ಲ.

ಸ್ಪ್ಯಾನರ್ ಕೆಳಗಿಟ್ಟೆ. ಈ ಗಾಡಿಗೆ ಒಂದು 'ಮೊದಲು' ಮೈಸೂರಿನದು, ಇನ್ನೊಂದು ನಮ್ಮ ಮನೆಯದು. ಮೈಸೂರಿನದನ್ನ ಉಳಿಸೋಕೆ ಚಾಸಿಸ್ ಕತ್ತರಿಸಲಿಲ್ಲ, ಮನೆಯದನ್ನ ಉಳಿಸೋಕೆ ಕ್ಯಾರಿಯರ್ ಬಿಚ್ಚಲಿಲ್ಲ. ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದು ಅಲ್ಲೇ ಬಿಟ್ಟೆ.

ನಿಮ್ಮ ಮನೇಲೂ ಗೋಣಿಚೀಲದ ಕೆಳಗೆ ಇಂಥದ್ದೊಂದು ಗಾಡಿ ಇದ್ರೆ, ಪಾನಾ ಹಿಡಿಯೋಕೆ ಮುಂಚೆ ಅದನ್ನ ಓಡಿಸಿದವರ ಹತ್ರ ಒಂದು ಸಂಜೆ ಕೂತು ಕೇಳ್ರಿ. ಮಾತಾಡ್ತಿರೋದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ರಿ. ಸ್ಪೇರ್ ಪಾರ್ಟ್ ಹುಡುಕಿದ್ರೆ ಸಿಗ್ತಾವ, ಆ ಮಾತು ಸಿಗಂಗಿಲ್ಲ. ಮುಂದಿನ ವಾರ ಮತ್ತೆ ಸಿಗೋಣ್ರಿ.