ಅರಗು, ಬಣ್ಣ ಮತ್ತು ಗುತ್ತಿಗೆಯ ಮಾತು

ಮಂಡಿ ಮೊಹಲ್ಲಾದ ಮಗ್ಗುಲಲ್ಲಿ ಹಾಯುವ ಸಯ್ಯಾಜಿರಾವ್ ರಸ್ತೆ ಉತ್ತರಕ್ಕೆ ಬನ್ನಿಮಂಟಪವನ್ನು ಮುಟ್ಟುತ್ತದೆ. ದಸರಾ ಮೆರವಣಿಗೆ ಕೊನೆಗೊಳ್ಳುವ ಈ ಭಾಗದಲ್ಲಿ ಇರುವ ಅರಗು ಮತ್ತು ಬಣ್ಣದ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ಸರ್ಕಾರಿ ಉದ್ದಿಮೆಯಾದ ಅದು 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆದರೂ ಜನರ ಬಾಯಲ್ಲಿ ಮೈಲ್ಯಾಕ್ ಆಗಿಯೇ ಉಳಿದಿದೆ.

ಅರಗು ಎಂಬುದು ಮರದ ಎಳೆಯ ಕೊಂಬೆಗಳ ರಸ ಹೀರಿ ಬದುಕುವ ಒಂದು ಬಗೆಯ ಕೀಟ ಸ್ರವಿಸುವ ರಾಳ. ಮೈಸೂರು ಸೀಮೆಯಲ್ಲಿ ಈ ಕೀಟಕ್ಕೆ ಆಸರೆಯಾದ ಮರಗಳಲ್ಲಿ ಜಾಲಾರಿ ಮುಖ್ಯವಾದುದು, ಹಾಗೂ ಅದರ ಮೇಲೆ ಬೆಳೆಯುವ ಒಂದು ಪ್ರಭೇದಕ್ಕೆ ಕೀಟಶಾಸ್ತ್ರಜ್ಞ ಮಹದಿಹಸನ್ ಮೈಸೂರಿನ ಹೆಸರನ್ನೇ ಇಟ್ಟರು. ರಸಾಯನಶಾಸ್ತ್ರದ ದೃಷ್ಟಿಯಿಂದ ಅರಗು, ಅಲ್ಯೂರಿಟಿಕ್ ಆಮ್ಲದಂಥ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಪಾಲಿಯೆಸ್ಟರ್. ಮದ್ಯಸಾರದಲ್ಲಿ ಕರಗುವ, ಕಾಸಿದರೆ ಮೆತ್ತಗಾಗುವ, ಆರಿದರೆ ಹೊಳಪಿನ ಪೊರೆಯಾಗುವ ಗುಣ ಅದಕ್ಕೆ ಬಂದಿರುವುದು ಇದರಿಂದಲೇ.

ಇಂಥ ವಸ್ತುಗಳು ನಿಜಕ್ಕೂ ಉದ್ದನೆಯ ಸರಪಳಿ ಅಣುಗಳು ಎಂಬ ವಾದವನ್ನು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಮುಂದಿಟ್ಟಾಗ ಅದನ್ನು ಒಪ್ಪಿದವರು ವಿರಳ. ಮುಂದೆ ಗ್ಲಿಸರಿನ್, ಥ್ಯಾಲಿಕ್ ಅನ್‌ಹೈಡ್ರೈಡ್ ಮತ್ತು ಒಣಗುವ ಎಣ್ಣೆಗಳಿಂದ ತಯಾರಾದ ಆಲ್ಕಿಡ್ ರಾಳ ಬಣ್ಣದ ಉದ್ಯಮದಲ್ಲಿ ಅರಗಿನ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು. 1956ರಲ್ಲಿ ಅಮೆರಿಕದಲ್ಲಿದ್ದ ಮೈಕೆಲ್ ಶ್ವಾರ್ಟ್ಸ್ ನಡೆಸಿದ ಪ್ರಯೋಗ ಬೇರೊಂದು ದಾರಿ ತೋರಿತು. ಸೋಡಿಯಂ–ನ್ಯಾಫ್ತಲೀನ್‌ನ ಹಸಿರು ದ್ರಾವಣಕ್ಕೆ ಸ್ಟೈರೀನ್ ಸೇರಿಸಿದೊಡನೆ ಅದು ಕೆಂಪಾಯಿತು; ಸ್ಟೈರೀನ್ ಪೂರ್ತಿ ಮುಗಿದ ಮೇಲೂ ಸರಪಳಿಗಳ ತುದಿಗಳು ಸಾಯದೆ ಉಳಿದವು; ಆಗ ಐಸೊಪ್ರೀನ್ ಹಾಕಿದರೆ ಅದೇ ತುದಿಯಿಂದ ಎರಡನೆಯ ಬಗೆಯ ತುಂಡು ಬೆಳೆಯಿತು. ಹೀಗೆ ಭಿನ್ನ ಸ್ವಭಾವದ ತುಂಡುಗಳು ಕೊನೆಗೆ ಕೊನೆ ಕೂಡಿ ಆದ ಅಣುವೇ ಬ್ಲಾಕ್ ಕೋಪಾಲಿಮರ್. ನೀರಿನ ಪಸೆಯೋ ಗಾಳಿಯೋ ಸೋಕಿದರೆ ತುದಿಗಳು ಸತ್ತು ಕೆಲಸ ಕೆಡುತ್ತದಾದರೂ ಈ ಸಂಶೋಧನೆ ಸುಮಾರು ಹತ್ತು ವರ್ಷಗಳೊಳಗೇ ಪ್ರಯೋಗಶಾಲೆಯ ಗಾಜಿನಿಂದ ಕಾರ್ಖಾನೆಗೆ ಬಂತು. ಬಣ್ಣದ ಡಬ್ಬಿಗೆ ಅದರ ಉಪಯೋಗ ಸರಳ: ಒಂದು ತುಂಡು ವರ್ಣದ್ರವ್ಯದ ಕಣಕ್ಕೆ ಅಂಟಿಕೊಂಡರೆ ಇನ್ನೊಂದು ದ್ರಾವಕದೊಳಕ್ಕೆ ಚಾಚಿಕೊಂಡು ಕಣಗಳು ಗಟ್ಟಿಕಟ್ಟದಂತೆ ತಡೆಯುತ್ತದೆ.

ರಾಳದ ಶಾಸ್ತ್ರ ಇಷ್ಟು ಬದಲಾದರೂ ಬಣ್ಣದ ವ್ಯವಹಾರದಲ್ಲಿ ಒಪ್ಪಂದದ ಸ್ವರೂಪ ಎಲ್ಲ ಕಡೆಯೂ ಒಂದೇ ತೆರನಾಗಿ ಬೆಳೆಯಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ಅದು ಲಿಖಿತವಾಯಿತು. 1962ರಲ್ಲಿ ಚುನಾವಣಾ ಆಯೋಗ, ಕಾನೂನು ಸಚಿವಾಲಯ, ರಾಷ್ಟ್ರೀಯ ಭೌತ ಪ್ರಯೋಗಾಲಯ ಹಾಗೂ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮಗಳು ಕೂಡಿ ಮೈಸೂರಿನ ಕಾರ್ಖಾನೆಯೊಂದಿಗೆ ಮಾಡಿಕೊಂಡ ಒಪ್ಪಂದದಿಂದ, ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇಲ್ಲಿ ತಯಾರಾಗತೊಡಗಿತು. ಸೂತ್ರ ಯಾರದು, ಮಾಡುವವರು ಯಾರು, ಕೊಳ್ಳುವವರು ಯಾರು ಎಂಬುದು ಅಲ್ಲಿ ಮೊದಲೇ ಇತ್ಯರ್ಥವಾಗಿತ್ತು.

ಗೋಡೆಯ ಬಳಿ ಮಾತ್ರ ಬಾಯಿಮಾತೇ ಒಪ್ಪಂದ. ಮನೆ ಕಟ್ಟಿಸುವವರು ಗುತ್ತಿಗೆದಾರನಿಗೆ ಒಪ್ಪಿಸಿದ ಕೆಲಸದಲ್ಲಿ ಬಣ್ಣದ ಭಾಗವನ್ನು ಆತ ಪೇಂಟಿಂಗ್ ಮೇಸ್ತ್ರಿಗೆ ತುಂಡು ಗುತ್ತಿಗೆ ಕೊಡುತ್ತಾನೆ. ಇದನ್ನೇ ಕಾಗದದ ಭಾಷೆಯಲ್ಲಿ ಉಪಗುತ್ತಿಗೆ ಎನ್ನುವುದು. ಚೌಕಾಸಿ ಶುರುವಾಗುವುದು ಚದರಡಿಯ ದರದಿಂದಾದರೂ, ಅದು ನಿಜವಾಗಿ ಬಿಗಿಯಾಗುವುದು ಬೇರೆ ಪ್ರಶ್ನೆಗಳ ಸುತ್ತ: ಮೆಟೀರಿಯಲ್ ಸಮೇತವೋ ಬರೀ ಲೇಬರೋ, ಅಳತೆಯಲ್ಲಿ ಬಾಗಿಲು ಕಿಟಕಿಗಳ ಜಾಗ ಕಳೆಯಬೇಕೋ ಬೇಡವೋ, ಸಾರುವೆ ಯಾರ ಖರ್ಚು, ಪುಟ್ಟಿಯ ಮೇಲೆ ಎಷ್ಟು ಕೋಟು. ಗಾರೆ ಒಣಗುವ ಮುನ್ನವೇ ಬಳಿದ ಬಣ್ಣ ಎದ್ದುಬಂದರೆ ತಪ್ಪು ಗಾರೆಯವನದೋ ಬಣ್ಣದವನದೋ ಎಂಬ ತಕರಾರು ಏಳುತ್ತದೆ. ತಡೆಹಿಡಿದ ಬಾಕಿ ಹಣ ಯಾರ ಕೈಯಲ್ಲಿದೆಯೋ ಅವರ ಮಾತೇ ಸಾಮಾನ್ಯವಾಗಿ ಗೆಲ್ಲುತ್ತದೆ, ಎಷ್ಟೇ ಒಳ್ಳೆಯ ರಾಳ ಡಬ್ಬಿಯಲ್ಲಿದ್ದರೂ.

ಶಾಸನ ಈ ಅಸಮಾನತೆಯನ್ನು ಗಮನಿಸದೆ ಇರಲಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅದನ್ನು ಮೂಲ ಮಾಲೀಕನೇ ಕೊಟ್ಟು ಆತನಿಂದ ವಸೂಲು ಮಾಡಿಕೊಳ್ಳಬೇಕೆಂದು ವಿಧಿಸಿತು. ಆದರೆ ಅದರ ಮೂಲ ಮಿತಿ 20 ಕಾರ್ಮಿಕರಾಗಿತ್ತು, ನಾಲ್ಕೈದು ಜನರ ಪೇಂಟಿಂಗ್ ತಂಡ ಆ ಲೆಕ್ಕಕ್ಕೆ ಬರುವುದು ಕಷ್ಟವಾಗಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮಿತಿಯನ್ನು 10ಕ್ಕೆ ಇಳಿಸಿತಾದರೂ, ಒಬ್ಬರು ತಮ್ಮ ಸ್ವಂತ ವಾಸಕ್ಕೆಂದು 10 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಕಟ್ಟಿಸಿಕೊಳ್ಳುವ ಮನೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು.