ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಉಮಾಮಹೇಶ್ವರ

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಡೆದ ಹೊಯ್ಸಳ ಶಿಲ್ಪಿಗಳಿಗೆ ಗೋಡೆಯ ಸುತ್ತಲೂ ಕಲ್ಲಿತ್ತು. ಒಂದು ಮೂರ್ತಿಗೆ ಆಳೆತ್ತರ ಬೇಕೆಂದರೂ ಕೊರತೆಯಿರಲಿಲ್ಲ. ಕೆಲವು ಶತಮಾನಗಳ ನಂತರ ಇದೇ ಮಲೆನಾಡ ಸೀಮೆಯಲ್ಲಿ ಚಲಾವಣೆಗೆ ಬಂದ ಇಕ್ಕೇರಿ ವರಹದ ಕೆತ್ತನೆಗಾರನಿಗೆ ಸಿಕ್ಕಿದ್ದು ಹೆಬ್ಬೆರಳ ಉಗುರಿನಷ್ಟು ಜಾಗ. ಸುಮಾರು 3.4 ಗ್ರಾಂ ತೂಕದ ಆ ಚಿನ್ನದ ನಾಣ್ಯದ ಮೇಲೆ ಅವನು ಶಿವಪಾರ್ವತಿಯರನ್ನು ಕೂರಿಸಿದ. ಶಿವನ ಕೈಗಳಲ್ಲಿ ತ್ರಿಶೂಲವೂ ಜಿಂಕೆಯೂ ಇವೆ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ' ಎಂದಿದೆ.

ಕೆತ್ತುವುದು ನಾಣ್ಯವನ್ನಲ್ಲ, ಅಚ್ಚನ್ನು. ಅಲ್ಲಿ ಎಲ್ಲವೂ ತಿರುಗುಮುರುಗು. ನಾಣ್ಯದಲ್ಲಿ ಉಬ್ಬಬೇಕಾದದ್ದು ಅಚ್ಚಿನಲ್ಲಿ ತಗ್ಗು, ಎಡಕ್ಕಿರಬೇಕಾದದ್ದು ಬಲಕ್ಕೆ. ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ. ಎರಡು ಅಚ್ಚುಗಳ ನಡುವೆ ಚಿನ್ನದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದರೆ ಎರಡು ಮುಖಗಳೂ ಒಮ್ಮೆಗೇ ಮೂಡುತ್ತಿದ್ದವು. ಏಟು ತುಸು ಓರೆಯಾದರೆ ದೇವರ ಒಂದು ತೋಳೋ ಅಕ್ಷರದ ತುದಿಯೋ ಅಂಚಿನಾಚೆ ಹೋಗಿಬಿಡುತ್ತಿತ್ತು. ಆದ್ದರಿಂದ ಕುಶಲಿಯಾದವನು ಮುಖದ ವಿವರಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳದೆ, ಸಣ್ಣ ಚುಕ್ಕೆಗಳಿಂದಲೂ ಗೆರೆಗಳಿಂದಲೂ ಆಕೃತಿಯ ಗುರುತು ಹಿಡಿಸುತ್ತಿದ್ದ. ನೋಡುವವರಿಗೆ ಅದು ಒರಟು ಕೆಲಸವೆನಿಸಬಹುದು. ಸವೆದ ನಾಣ್ಯದಲ್ಲೂ ಶಿವಪಾರ್ವತಿಯರೆಂದು ತಿಳಿಯುವುದು ಆ ಒರಟುತನದಿಂದಲೇ.

ಈ ಚಿತ್ರವನ್ನು ಕೆಳದಿಯವರು ಹೊಸದಾಗಿ ಕಲ್ಪಿಸಿದ್ದಲ್ಲ. ವಿಜಯನಗರದ ವರಹಗಳಿಂದ ಬಂದದ್ದು. ಶಿವಮೊಗ್ಗ ನಗರದ ಅರಮನೆಗೆ ಹೆಸರಾದ ಶಿವಪ್ಪನಾಯಕನು ಭೂಕಂದಾಯಕ್ಕೆ ಶಿಸ್ತನ್ನು ಗೊತ್ತುಮಾಡಿದ ಕಾಲದಲ್ಲಿ ರೈತ, ವರ್ತಕರಿಗೆಲ್ಲ ವರಹವೇ ಲೆಕ್ಕದ ಅಳತೆ. ಕಣ್ಣಿಗೆ ಒಗ್ಗಿದ ಚಿತ್ರವನ್ನು ಬದಲಿಸಿದರೆ ಅಂಗಡಿಯವನು ನಾಣ್ಯವನ್ನು ಒರೆಗಲ್ಲಿಗೆ ತಿಕ್ಕಿ ನೋಡಲು ಹೊರಡುತ್ತಾನೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಇದು ಚೆನ್ನಾಗಿ ಗೊತ್ತಿತ್ತು. ತನ್ನ ವರಹದ ಮುಂಬದಿಯಲ್ಲಿ ಅವನು ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ 'ಶ್ರೀ ಸದಾಶಿವ' ಹೋಗಿ, ಚುಕ್ಕೆಗಳ ಹಾಸಿನ ನಡುವೆ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ 'ಹೇ' ಬಂತು. ಔದಾರ್ಯವೆನ್ನುವುದಕ್ಕಿಂತ ಇದನ್ನು ವ್ಯವಹಾರಜ್ಞಾನವೆನ್ನುವುದು ಸರಿ. ಟಿಪ್ಪು ತನ್ನ ವರಹಗಳಲ್ಲಿ ಈ ಚಿತ್ರವನ್ನು ಕೈಬಿಟ್ಟು ಎರಡೂ ಬದಿಗೆ ಪಾರ್ಸಿ ಬರಹ ಹಾಕಿಸಿದ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮತ್ತೆ ಬಂದು ಕುಳಿತರು. ಹಿಂಬದಿಯಲ್ಲಿ ನಾಗರಿಯಲ್ಲಿ 'ಶ್ರೀ ಕೃಷ್ಣರಾಜ'.