ಕುಸನೂರಿನ ಕಿತ್ತಿಕೊ-ಹಚ್ಚಿಕೊ: ಸಸಿ ಹಚ್ಚೋ ಮುಂಚೆ ಕೇಳಬೇಕಾದ ಮೂರು ಮಾತು

ಮುಂಗಾರು ಹಿಡಿದ ಮೇಲೆ ಊರೂರಾಗ ವನಮಹೋತ್ಸವ ಶುರು ಆಗ್ತಾವು. ಜುಲೈ ಮೊದಲ ವಾರದ ಈ ಪದ್ಧತಿಯನ್ನು 1950ರಲ್ಲಿ ಆಗಿನ ಕೇಂದ್ರ ಮಂತ್ರಿ ಕೆ.ಎಂ. ಮುನ್ಶಿ ಅವರು ಹಾಕಿಕೊಟ್ಟರು. ಸಸಿ ಹಚ್ಚೋದು ಒಳ್ಳೇ ಕೆಲಸ, ಅದರಾಗ ಎರಡು ಮಾತಿಲ್ಲ. ಆದರೆ ನಮ್ಮ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಬೇರೆ ಥರದ ಸಸಿ ಹಚ್ಚೋ ಕಾರ್ಯಕ್ರಮ ಆಗಿತ್ತು. ಅಲ್ಲಿ ಮೊದಲು ಕಿತ್ತರು, ಆಮೇಲೆ ಹಚ್ಚಿದರು. ಅದಕ್ಕೇ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಅಂತ ಹೆಸರು ಬಂತು. ಈಗಿನ ಹುಡುಗರಿಗೆ ಇದು ಅಷ್ಟಾಗಿ ಗೊತ್ತಿಲ್ಲ, ಹಂಗಾಗಿ ಇವತ್ತು ಸ್ವಲ್ಪ ಉದ್ದಕ್ಕೆ ಬರೀತೀನಿ.

ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್, ಅಂದ್ರ ಕೆಪಿಎಲ್, ಅನ್ನೋ ಕಂಪನಿ ಹುಟ್ಟಿತು. ಅದರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ಪಾಲು 51, ಹರಿಹರ ಪಾಲಿಫೈಬರ್ಸ್ ಪಾಲು 49. ಕಾರ್ಖಾನೆಗೆ ರೇಯಾನ್ ನೂಲಿನ ತಿರುಳು ತೆಗೆಯೋಕೆ ನೀಲಗಿರಿ ಬೇಕಿತ್ತು. ಅದನ್ನು ಬೆಳೆಸೋಕೆ ಧಾರವಾಡ, ಶಿವಮೊಗ್ಗ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದ್ರ 75,000 ಎಕರೆ ಹತ್ತಿರ ಸರ್ಕಾರಿ ಭೂಮಿಯನ್ನು ದೀರ್ಘ ಗುತ್ತಿಗೆಗೆ ಕೊಡೋ ಯೋಜನೆ ಆಯ್ತು.

ಕಾಗದದಲ್ಲಿ ಅದು ಸಿ ಮತ್ತು ಡಿ ವರ್ಗದ ಭೂಮಿ, ಹೆಚ್ಚುಕಮ್ಮಿ "ಪಾಳು" ಅಂತ ಲೆಕ್ಕ. ಊರಿನ ಲೆಕ್ಕ ಬೇರೆ ಇತ್ತು. ದನ ಕುರಿ ಮೇಯೋದು ಅಲ್ಲೇ, ಒಲೆಗೆ ಕಟ್ಟಿಗೆ ಅಲ್ಲಿಂದಲೇ, ನೇಗಿಲು ಕುಂಟಿಗೆ ಮರ, ತಿಪ್ಪೆಗೆ ಸೊಪ್ಪು ಸದೆ ಎಲ್ಲಾ ಅಲ್ಲಿಂದಲೇ. ಹೊಲ ಇಲ್ಲದವರ ಮನೆಯ ಎರಡು ಆಡು ಬದುಕಿದ್ದು ಆ "ಪಾಳಿನ" ಮೇಲೆ. ನೀಲಗಿರಿ ಎಲೆ ದನ ತಿನ್ನೋದಿಲ್ಲ. ಹಚ್ಚಿಸೋರಿಗೆ ಅದೇ ಅನುಕೂಲ, ಯಾಕಂದ್ರ ಬೇಲಿ ಖರ್ಚು ಉಳೀತದ. ದನ ಕಟ್ಟಿದವರಿಗೆ ಅದೇ ನಷ್ಟ. ಒತ್ತಾಗಿ ಹಚ್ಚಿದ ನೀಲಗಿರಿ ಬುಡದಾಗ ಹುಲ್ಲು ಹೆಂಗ ಇರ್ತದ ಅನ್ನೋದು ನಿಮಗ ನಾನು ಹೇಳಬೇಕಿಲ್ಲ.

ಇದು ಒಮ್ಮೆಲೆ ಎದ್ದ ಸಿಟ್ಟಲ್ಲ. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ ಮಾವಿನ ಬೀಜ ಊರಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಘಟ್ಟದ ಕಡೆ, ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಿನ ಜನ ಮರ ಅಪ್ಪಿಕೊಂಡು ಕಡಿಯೋದನ್ನು ನಿಲ್ಲಿಸಿದ್ದರು.

ಕೆಪಿಎಲ್ ವಿಷಯ ಕೈಗೆತ್ತಿಕೊಂಡದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1987ರ ಮಾರ್ಚಿನಲ್ಲಿ ಕೋರ್ಟು ತಡೆ ಕೊಟ್ಟಿತು, ಇನ್ನಷ್ಟು ಭೂಮಿ ಕಂಪನಿಗೆ ಹೋಗೋದು ನಿಂತಿತು. ಆದರೆ ಆಗಲೇ ಕೊಟ್ಟ ಜಾಗದಲ್ಲಿ ನೀಲಗಿರಿ ನಿಂತಿತ್ತಲ್ಲ. ಕೋರ್ಟಿನ ಕಾಗದ ಅದನ್ನು ಕೀಳೋದಿಲ್ಲ.

ಹಂಗಾಗಿ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು 2,000 ಮಂದಿ ಸೇರಿದರು, ಗಂಡಸರು ಹೆಂಗಸರು ಎಲ್ಲಾರೂ. ಪಾಟೀಲ ಪುಟ್ಟಪ್ಪನವರು, ಪುಣೆಯಿಂದ ಬಾಬಾ ಆಢಾವ ಅವರು ಬಂದಿದ್ದರು. ಕೈ ಎತ್ತೋದಿಲ್ಲ, ಶಾಂತಿ ಬಿಡೋದಿಲ್ಲ ಅಂತ ಪ್ರಮಾಣ ಮಾಡಿ ಮೆರವಣಿಗೆಯಲ್ಲಿ ಹೋದರು. ನೀಲಗಿರಿ ಸಸಿ ಕಿತ್ತದ್ದು ಸುಮಾರು 100 ಮಾತ್ರ. ಎರಡು ಸಾವಿರ ಕೈಗೆ ಅದು ಯಾವ ಲೆಕ್ಕ? ಗುರುತಿಗೆ ಅಷ್ಟು ಸಾಕು ಅಂತ ಇಟ್ಟುಕೊಂಡರು. ಆ ಜಾಗದಲ್ಲಿ ಹಣ್ಣು, ಮೇವು ಕೊಡೋ ನಮ್ಮ ಕಡೆಯ ಗಿಡ ಹಚ್ಚಿದರು. ಮನೆಗೆ ಹೋಗೋ ಮುಂಚೆ, ಹಚ್ಚಿದ ಸಸಿಗೆ ನೀರು ಹಾಕಿ ಜೋಪಾನ ಮಾಡ್ತೀವಿ ಅಂತ ಇನ್ನೊಂದು ಪ್ರಮಾಣ ಮಾಡಿದರು.

ಈ ಎರಡನೇ ಪ್ರಮಾಣದ ಮೇಲೆ ಸ್ವಲ್ಪ ನಿಲ್ರಿ. ನವೆಂಬರ್ ಅಂದ್ರ ನಮ್ಮಲ್ಲಿ ಮಳೆ ತಿರುಗಿರ್ತದ. ಜುಲೈದಾಗ ಹಚ್ಚಿದ ಸಸಿಗೆ ಮಳೆರಾಯನೇ ಒಕ್ಕಲಿಗ. ನವೆಂಬರಿನಾಗ ಹಚ್ಚಿದ್ದಕ್ಕೆ ಕೊಡ ಹೊತ್ತು ನೀರು ಹಾಕೋರು ಬೇಕು, ಅದೂ ಮುಂದಿನ ಮುಂಗಾರಿನ ತನಕ. ಅಂಥ ಹೊತ್ತಿನಲ್ಲಿ ಸಸಿ ಹಚ್ಚೋದು ಅಂದ್ರ "ಈ ಜಾಗ ನಮ್ಮದು, ನಾಳೆಯೂ ಬರ್ತೀವಿ" ಅಂತ ಹೇಳಿದಂಗ. ಕಿತ್ತು ಹೋಗಿದ್ದರೆ ಅದು ಬರೀ ಗಲಾಟೆ ಅನ್ನಿಸಿಕೊಳ್ತಿತ್ತು.

ಕೋರ್ಟು, ಊರು ಎರಡೂ ಕಡೆಯ ಒತ್ತಡಕ್ಕೆ 1991ರಲ್ಲಿ ಸರ್ಕಾರ ಕೆಪಿಎಲ್ ಮುಚ್ಚೋ ನಿರ್ಧಾರಕ್ಕೆ ಬಂತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಹಚ್ಚೋದನ್ನು ನಿಷೇಧಿಸಿತು. ಕುಸನೂರಿನವರು ಹೇಳಿದ್ದು ಸರ್ಕಾರಿ ಆದೇಶದಾಗ ಬರೋಕೆ 30 ವರ್ಷ ಹಿಡೀತು ನೋಡ್ರಿ.

ಈಗ ನಮ್ಮ ಊರಿನ ಮಾತಿಗೆ ಬರೋಣ. ಸಸಿ ಹಚ್ಚೋ ಕಾರ್ಯಕ್ರಮಕ್ಕೆ ಕರೆದರೆ ಹೋಗ್ರಿ, ತಪ್ಪದೇ ಹೋಗ್ರಿ. ಆದರೆ ಕುಸನೂರು ಕಲಿಸಿದ ಮೂರು ಮಾತು ಕೇಳ್ರಿ. ಜಾಗ ಯಾರದು? ಗಿಡ ಯಾರಿಗೆ ಬೇಕಾದದ್ದು? ಬ್ಯಾಸಿಗ್ಯಾಗ ನೀರು ಹಾಕೋರು ಯಾರು? ಮೊದಲನೇ ಪ್ರಶ್ನೆಯೇ ದೊಡ್ಡದು. ಕುಸನೂರಿನವರು ಕಾದದ್ದು ಗಿಡಕ್ಕಿಂತ ಮೊದಲು ಊರಿನ ಭೂಮಿಯನ್ನು. ಆಗ ಭೂಮಿ ಹೋಗ್ತಿದ್ದದ್ದು ಒಂದು ಕಂಪನಿಗೆ, ಎಲ್ಲಾರಿಗೂ ಕಣ್ಣಿಗೆ ಕಾಣ್ತಿತ್ತು. ಈಗ ಗೋಮಾಳ, ಕೆರೆ ಅಂಗಳ ಹೋಗೋದು ವರ್ಷಕ್ಕೆ ಎರಡು ಸಾಲು, ಟ್ರ್ಯಾಕ್ಟರ್ ನೇಗಿಲಿನ ತುದಿಯಲ್ಲಿ. ತಗೊಳ್ಳೋರು ನಮ್ಮವರೇ ಆಗಿರ್ತಾರ, ಅದಕ್ಕೇ ಬಾಯಿ ಬಿಡೋದು ಕಷ್ಟ.

ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಊರಿನ ಗೋಮಾಳದ ಸರ್ವೆ ನಂಬರ್, ಎಷ್ಟು ಎಕರೆ ಗುಂಟೆ ಅನ್ನೋದನ್ನು ಜೋರಾಗಿ ಓದಿಸ್ರಿ. ಹದ್ದುಬಸ್ತು ಆಗಲಿ. ಸಸಿಯ ಗುಂಡಿ ಆಮೇಲೆ ತೋಡೋಣ.